ನಮ್ಮ ಕಟ್ಟಿಗೊಂದು ಸರ್ವರ್: ಡೆಬಿಯನ್ ಮೇಲೆ ಗೋಟುಸೋಶಿಯಲ್

ವಿಜಯಪುರದ ಓದುಗರ ಬಳಗವಿರಲಿ, ಗುಳೇದಗುಡ್ಡದಲ್ಲಿ ಖಣ ನೇಯುವವರ ಗುಂಪಿರಲಿ, ಬೆಳಗಾವಿಯಲ್ಲಿ ಓದುತ್ತಿರುವ ಇಂಜಿನಿಯರಿಂಗ್ ಹುಡುಗರಿರಲಿ, ಮೂವತ್ತು ನಲವತ್ತು ಮಂದಿ ಸೇರಿ ತಮ್ಮದೇ ಸಾಮಾಜಿಕ ಜಾಲತಾಣ ಇಟ್ಟುಕೊಳ್ಳಲು ಭಾರೀ ಯಂತ್ರ ಬೇಕಿಲ್ಲ. 1 ಜಿಬಿ ರ‍್ಯಾಮ್, 25 ಜಿಬಿ ಡಿಸ್ಕ್, ಒಂದು ಡೊಮೇನ್ ಹೆಸರು, ಒಂದು ಭಾನುವಾರದ ಬಿಡುವು ಇದ್ದರೆ ಆಯಿತು. ಈ ಕೆಲಸದಲ್ಲಿ ತಿದ್ದಿಕೊಳ್ಳಬಹುದಾದ ತಪ್ಪು ನೂರಾರಿವೆ. ತಿದ್ದಲಾಗದ ತಪ್ಪು ಎರಡೇ: ಡೊಮೇನ್ ಹೆಸರು ಕಳೆದುಕೊಳ್ಳುವುದು, ಡೇಟಾಬೇಸ್ ಕಳೆದುಕೊಳ್ಳುವುದು. ಯಂತ್ರ ಸುಟ್ಟರೆ ಇನ್ನೊಂದು ತರಬಹುದು, ಇವೆರಡು ಹೋದರೆ ಬಳಗವೇ ಚದುರಿದ ಹಾಗೆ.

ಒಂದು ಮಾತು ಮೊದಲೇ. ಕೆಳಗೆ ಆಜ್ಞೆಗಳನ್ನು, ಸೆಟ್ಟಿಂಗ್‌ಗಳ ಹೆಸರನ್ನು ಬಾಯಲ್ಲಿ ಹೇಳುವಂತೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಯಾವ ತಂತ್ರಾಂಶ?

ಎಲ್ಲರ ಬಾಯಲ್ಲಿರುವ ಹೆಸರು ಮಾಸ್ಟಡಾನ್. 2016ರಲ್ಲಿ ಬಂದದ್ದು, ಗಟ್ಟಿ ತಂತ್ರಾಂಶವೇ. ಆದರೆ ಅದಕ್ಕೆ ರೂಬಿ, ಪೋಸ್ಟ್‌ಗ್ರೆಸ್, ರೆಡಿಸ್, ಸೈಡ್‌ಕಿಕ್ ಎಂದು ನಾಲ್ಕಾರು ಕಡೆ ಊಟ ಹಾಕಬೇಕು. ಒಂದು ಮುನಿಸಿಕೊಂಡರೂ ತಾಣ ನಿಂತಿತು. ನಲವತ್ತು ಮಂದಿಗೆ ಇದು ಸಂತೆಗೆ ಎರಡು ಕಿಲೋ ಉಳ್ಳಾಗಡ್ಡಿ ತರಲು ಲಾರಿ ಒಯ್ದ ಹಾಗೆ. ಇಲ್ಲಿ ಆರಿಸಿಕೊಂಡಿರುವುದು ಗೋಟುಸೋಶಿಯಲ್. ಗೋ ಭಾಷೆಯಲ್ಲಿ ಬರೆದ ಒಂದೇ ಫೈಲು, ಜೊತೆಗೆ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್. ಇನ್ನೂ ಬೀಟಾ ಹಂತದಲ್ಲಿದೆ ಎಂಬುದು ಗೊತ್ತಿರಲಿ, ಸಣ್ಣ ಬಳಗಕ್ಕೆ ಅದರಿಂದ ಅಡ್ಡಿಯಿಲ್ಲ.

ಎರಡೂ ಮಾತಾಡುವ ಭಾಷೆ ಆಕ್ಟಿವಿಟಿಪಬ್. 2018ರ ಜನವರಿಯಲ್ಲಿ ವೆಬ್ಬಿನ ನಿಯಮ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಒಪ್ಪಿದ ಮಾನಕ ಅದು. 08352ರ ಫೋನಿನಿಂದ 0831ರ ಫೋನಿಗೆ ಮಾತಾಡಿದಂತೆ, ನಿಮ್ಮ ಸರ್ವರಿನವರು ಜಗತ್ತಿನ ಯಾವುದೇ ಮಾಸ್ಟಡಾನ್ ಸರ್ವರಿನವರನ್ನು ಹಿಂಬಾಲಿಸಬಹುದು, ಉತ್ತರ ಕೊಡಬಹುದು.

ಒಂದು ಗುಣ ಮಾತ್ರ ಮೊದಲೇ ಎಲ್ಲರಿಗೂ ಹೇಳಿಬಿಡಿ, ಇಲ್ಲದಿದ್ದರೆ ಮೊದಲ ದಿನವೇ 'ಇದು ಓಡುತ್ತಿಲ್ಲ' ಎಂಬ ಫೋನು ಶುರುವಾಗುತ್ತದೆ. ಗೋಟುಸೋಶಿಯಲ್‌ಗೆ ಬರೆಯಲು ತನ್ನದೇ ಪುಟವಿಲ್ಲ. ಬ್ರೌಸರಿನಲ್ಲಿ ಪ್ರೊಫೈಲ್ ಮತ್ತು ಸೆಟ್ಟಿಂಗ್ಸ್ ಅಷ್ಟೇ ಕಾಣುತ್ತವೆ. ಬರೆಯಲು, ಓದಲು ಮಾಸ್ಟಡಾನ್‌ಗೆಂದು ಮಾಡಿದ ಆ್ಯಪ್ ಬೇಕು. ಆಂಡ್ರಾಯ್ಡ್‌ನಲ್ಲಿ ಟಸ್ಕಿ, ಕಂಪ್ಯೂಟರಿನಲ್ಲಿ ಫ್ಯಾನ್‌ಪಿ ಚೆನ್ನಾಗಿ ಹೊಂದುತ್ತವೆ.

ಹೆಸರು

ಡೊಮೇನ್ ಆರಿಸುವಾಗ ಒಂದು ದಿನ ತಡವಾದರೂ ಪರವಾಗಿಲ್ಲ. ಹೊರಗಿನ ಸರ್ವರುಗಳ ಜೊತೆ ಒಮ್ಮೆ ಮಾತು ಶುರುವಾದ ಮೇಲೆ 'ಹೋಸ್ಟ್' (ಸೆಟ್ಟಿಂಗಿನಲ್ಲಿ ಬರೆದ ಸರ್ವರಿನ ಹೆಸರು) ಬದಲಿಸಲು ಬರುವುದಿಲ್ಲ. ಪ್ರತಿ ಖಾತೆಯ ವಿಳಾಸ, ಪ್ರತಿ ಬರಹದ ಗುರುತು ಆ ಹೆಸರಿಗೇ ಅಂಟಿಕೊಂಡಿರುತ್ತದೆ. ಅವು ಹೊರಗಿನ ಸಾವಿರಾರು ಡೇಟಾಬೇಸ್‌ಗಳಲ್ಲಿ ಕೂತಿರುತ್ತವೆ, ನೀವು ಹೋಗಿ ಅಳಿಸಿ ಬರೆಯುವಂತಿಲ್ಲ.

ಉದಾಹರಣೆಗೆ ನಿಮ್ಮ ಹೆಸರು 'ಕಟ್ಟಿ ಡಾಟ್ ಎಕ್ಸಾಂಪಲ್' ಎಂದುಕೊಳ್ಳಿ. ಅದೇ ಹೆಸರಿನಲ್ಲಿ ಬಳಗದ ಬೇರೆ ಜಾಲತಾಣ ಈಗಾಗಲೇ ಇದ್ದರೆ, ಸರ್ವರನ್ನು 'ಸೋಶಿಯಲ್ ಡಾಟ್ ಕಟ್ಟಿ ಡಾಟ್ ಎಕ್ಸಾಂಪಲ್' ಮೇಲೆ ಓಡಿಸಿ, 'ಅಕೌಂಟ್-ಡೊಮೇನ್' ಎಂಬಲ್ಲಿ ಚಿಕ್ಕ ಹೆಸರು ಕೊಡಬಹುದು. ಆಗ ಖಾತೆಗಳು ಚಿಕ್ಕ ಹೆಸರಿನಲ್ಲೇ ಕಾಣುತ್ತವೆ. ಆದರೆ ಚಿಕ್ಕ ಹೆಸರಿನ ತಾಣಕ್ಕೆ ಬರುವ ವೆಬ್‌ಫಿಂಗರ್, ಹೋಸ್ಟ್-ಮೆಟಾ, ನೋಡ್‌ಇನ್ಫೊ ವಿಚಾರಣೆಗಳನ್ನು (ಖಾತೆ, ಸರ್ವರುಗಳ ಬಗ್ಗೆ ಹೊರಗಿನ ಸರ್ವರುಗಳು ಕೇಳುವ ಪ್ರಶ್ನೆಗಳನ್ನು) ಉದ್ದ ಹೆಸರಿನ ಕಡೆ 301 (ಕಾಯಂ ಮರುನಿರ್ದೇಶನ) ಹಾಕಿ ತಿರುಗಿಸಬೇಕು. ಇದನ್ನು ಮರೆತರೆ ಹೊರಗಿನವರು ಹುಡುಕಿದಾಗ ನಿಮ್ಮ ಖಾತೆ ಸಿಗುವುದೇ ಇಲ್ಲ. ಬೇರೆ ತಾಣ ಇಲ್ಲದಿದ್ದರೆ ಈ ಉಸಾಬರಿ ಬೇಡ, ಒಂದೇ ಹೆಸರು ಸಾಕು.

ಕನ್ನಡದಲ್ಲೇ ಡೊಮೇನ್ ಇಟ್ಟುಕೊಳ್ಳುವ ಆಸೆ ಸಹಜ. ಆದರೆ ಒಳಗೆ ಅದು ಪ್ಯುನಿಕೋಡ್ (ಇಂಗ್ಲಿಷ್ ಅಕ್ಷರಗಳ ಸಂಕೇತರೂಪ) ಆಗಿ ಬದಲಾಗುತ್ತದೆ, ಕೆಲವು ಆ್ಯಪುಗಳಲ್ಲಿ ಅರ್ಥವಾಗದ ಅಕ್ಷರಗಳ ಸಾಲಾಗಿ ಕಾಣುತ್ತದೆ. ಸದ್ಯಕ್ಕೆ ಇಂಗ್ಲಿಷ್ ಅಕ್ಷರದ ಹೆಸರೇ ಲೇಸು. ಬಳಕೆದಾರ ಹೆಸರಿನಲ್ಲೂ ಸಣ್ಣ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ನಡೆಯುತ್ತವೆ. ತೋರಿಸುವ ಹೆಸರು, ಪರಿಚಯ, ಬರಹ ಎಲ್ಲ ಕನ್ನಡದಲ್ಲಿರಬಹುದು. ಒಂದು ಬರಹಕ್ಕೆ ಮಾಮೂಲಿ ಮಿತಿ 5,000 ಅಕ್ಷರ. ಕಂಪ್ಯೂಟರಿನ ಲೆಕ್ಕದಲ್ಲಿ 'ಸ್ತ್ರೀ' ಎಂಬ ಒಂದಕ್ಷರಕ್ಕೆ ಆರು ಸಂಕೇತಗಳಾಗುತ್ತವೆ, ಆದರೂ ಇಷ್ಟು ಮಿತಿ ಧಾರಾಳ.

ಡೊಮೇನನ್ನು ಒಬ್ಬನ ಮೊಬೈಲ್ ನಂಬರು, ಒಬ್ಬನ ಮೇಲ್ ಮೇಲೆ ನಿಲ್ಲಿಸಬೇಡಿ. ಬಳಗದ ಹೆಸರಿನಲ್ಲಿ ಬೇರೆ ಮೇಲ್ ತೆರೆದು, ಅದರ ಮೇಲೆ ಡೊಮೇನ್ ಕೊಳ್ಳಿ, ಐದು ವರ್ಷಕ್ಕೆ ಒಮ್ಮೆಲೇ ಹಣ ಕಟ್ಟಿ. ಆ ಮೇಲ್ ಇದೇ ಡೊಮೇನಿನದಾಗಿರಬಾರದು. ಡೊಮೇನ್ ಅವಧಿ ಮುಗಿದ ದಿನ ನವೀಕರಣದ ಪತ್ರವೂ ಬರುವುದಿಲ್ಲ!

ಮನೆಯಲ್ಲೋ, ಬಾಡಿಗೆ ಯಂತ್ರದಲ್ಲೋ?

ಈ ಭಾಗದಲ್ಲಿ ಮನೆಯಲ್ಲೇ ಸರ್ವರ್ ಇಡುವ ಮಾತು ಬಂದಾಗ ಎಲ್ಲರೂ ಮೊದಲು ಹೆಸ್ಕಾಂ ನೆನೆಯುತ್ತಾರೆ. ನಿಜವಾದ ತೊಡಕು ಕರೆಂಟಿನದಲ್ಲ. ನಾಲ್ಕು ತಾಸು ಕರೆಂಟ್ ಹೋದರೆ ಹೊರಗಿನ ಸರ್ವರುಗಳು ನಿಮಗೆ ಬರಬೇಕಾದ್ದನ್ನು ಇಟ್ಟುಕೊಂಡು ಮತ್ತೆ ಮತ್ತೆ ಕಳಿಸಿ ನೋಡುತ್ತವೆ. ಮಾಸ್ಟಡಾನ್ ಸರ್ವರುಗಳು ಬೇರೆ ಬೇರೆ ಏಳು ದಿನ ಉತ್ತರ ಸಿಗದಿದ್ದಾಗಲೇ ನಿಮ್ಮದನ್ನು ಸತ್ತ ಸರ್ವರ್ ಎಂದು ಎಣಿಸುತ್ತವೆ.

ತೊಡಕಿರುವುದು ಐಪಿ ವಿಳಾಸದಲ್ಲಿ. ಮನೆಯ ಫೈಬರ್ ಸಂಪರ್ಕ ಬಹುಪಾಲು ಸಿಜಿನ್ಯಾಟ್ ಹಿಂದೆ ಇರುತ್ತದೆ, ಎಂದರೆ ಹತ್ತಾರು ಮನೆಗೆ ಒಂದೇ ಹೊರಬಾಗಿಲು. ರೌಟರಿನ ಪುಟ ತೆರೆದು ವ್ಯಾನ್ ಐಪಿ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಹೊರಗಿನಿಂದ ಯಾರೂ ನಿಮ್ಮ ಯಂತ್ರದ ಕದ ತಟ್ಟಲಾರರು. ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಅಷ್ಟೇ. ಸಂಪರ್ಕ ಕೊಟ್ಟವರಿಂದ ಸ್ಥಿರ ಐಪಿ ಕೊಳ್ಳಬೇಕು, ಇಲ್ಲವೇ ಹೊರಗೊಂದು ಬಾಡಿಗೆ ಯಂತ್ರ ಇಟ್ಟು ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ ತೋಡಬೇಕು. ಬಾಡಿಗೆ ಯಂತ್ರ ಹೇಗೂ ಬಂತೆಂದ ಮೇಲೆ ಸರ್ವರನ್ನೇ ಅಲ್ಲಿಡುವುದು ಜಾಣತನ. ಮುಂಬೈ ಅಥವಾ ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ಚಿಕ್ಕ ವಿಪಿಎಸ್ (ಬಾಡಿಗೆ ಯಂತ್ರ) ತೆಗೆದುಕೊಂಡು, ಮನೆಯ ಹಳೆ ಲ್ಯಾಪ್‌ಟಾಪನ್ನು ಬ್ಯಾಕಪ್ ಇಡಲು ಬಳಸಿ. ಹೆಚ್ಚಿನ ಬಳಗಗಳಿಗೆ ನಮ್ಮ ಸಲಹೆ ಇದೇ.

ಸ್ಥಿರ ಐಪಿ ಸಿಕ್ಕಿ, ಮನೆಯಲ್ಲೇ ಇಡುತ್ತೇವೆ ಎನ್ನುವವರಿಗೆ ನಾಲ್ಕು ಮಾತು. 10 ವ್ಯಾಟ್ ಎಳೆಯುವ ಯಂತ್ರ ತಿಂಗಳಿಗೆ ಸುಮಾರು 7 ಯೂನಿಟ್ ಉಣ್ಣುತ್ತದೆ, ಬಿಲ್ಲಿನ ಚಿಂತೆ ಬೇಡ. ಹಳೆ ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್ ಆಗುತ್ತದೆ, ಆದರೆ ರೌಟರು ಮತ್ತು ಫೈಬರ್ ಡಬ್ಬಿಗೂ ಇನ್ವರ್ಟರ್ ಸಾಲು ಕೊಡದಿದ್ದರೆ ಲ್ಯಾಪ್‌ಟಾಪ್ ಒಂದೇ ಎಚ್ಚರವಿದ್ದು ಏನು ಮಾಡೀತು? ಮುಚ್ಚಳ ಮುಚ್ಚಿದರೆ ಮಲಗದಂತೆ ಲಾಗಿನ್‌ಡಿ ಸೆಟ್ಟಿಂಗಿನಲ್ಲಿ 'ಹ್ಯಾಂಡಲ್‌ಲಿಡ್‌ಸ್ವಿಚ್' ಅನ್ನು 'ಇಗ್ನೋರ್' ಮಾಡಿ. ಬ್ಯಾಟರಿಯಿಲ್ಲದ ಪೆಟ್ಟಿಗೆಯಾದರೆ ಬಯೋಸ್‌ನಲ್ಲಿ ಕರೆಂಟ್ ಬಂದೊಡನೆ ತಾನೇ ಏಳುವ ಆಯ್ಕೆ ಹಾಕಿ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಆರ್‌ಸಿಸಿ ಛಾವಣಿ ಅಡಿಯ ಅಟ್ಟದಲ್ಲಿ ಯಂತ್ರ ಇಡಲೇಬೇಡಿ. ಬ್ಯಾಟರಿ ಉಬ್ಬಿದ್ದು ಕಂಡರೆ ಅಂದೇ ತೆಗೆಯಿರಿ. ರಾಸ್ಪ್‌ಬೆರಿ ಪೈ ಆದರೆ ಡೇಟಾಬೇಸನ್ನು ಮೆಮೊರಿ ಕಾರ್ಡಿನ ಮೇಲೆ ಇಡಬೇಡಿ, ಪದೇ ಪದೇ ಬರೆದು ಕಾರ್ಡು ಸವೆಯುತ್ತದೆ. ಯುಎಸ್‌ಬಿ ಎಸ್‌ಎಸ್‌ಡಿ ಹಚ್ಚಿ.

ಹಳೆ ಯಂತ್ರಗಳ ಇನ್ನೊಂದು ಕಾಯಿಲೆ ಮದರ್‌ಬೋರ್ಡಿನ ಗುಂಡಿ ಸೆಲ್ಲು. ಅದು ಸತ್ತಿದ್ದರೆ ಕರೆಂಟ್ ಹೋಗಿಬಂದಾಗ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಸರ್ವರುಗಳು ಕಳಿಸುವ ಪ್ರತಿ ಪತ್ರಕ್ಕೂ ಸಮಯದ ಸಹಿ ಇರುತ್ತದೆ. ಗಡಿಯಾರ ತಪ್ಪಿದರೆ ಹೊರಗಿನವರು ನಿಮ್ಮ ಸಹಿ ಒಪ್ಪುವುದಿಲ್ಲ, ತಾಣದ ಗುರುತು ಸಾಬೀತು ಮಾಡುವ ಟಿಎಲ್‌ಎಸ್ ಪ್ರಮಾಣಪತ್ರವೂ ತಪ್ಪೆಂದು ಕಾಣುತ್ತದೆ. 'ಟೈಮ್‌ಡೇಟ್‌ಸಿಟಿಎಲ್' ಹೊಡೆದು ಗಡಿಯಾರ ಹೊಂದಿಕೆ ಆಗಿದೆಯೇ ನೋಡಿ, ಸೆಲ್ಲು ಬದಲಿಸಿ.

ಯಂತ್ರ ಸಜ್ಜು ಮಾಡುವುದು

ಡೆಬಿಯನ್ 13 (ಒಂದು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ) ಹಾಕಿ, ಡೆಸ್ಕ್‌ಟಾಪ್ ಬೇಡ, ಎಸ್‌ಎಸ್‌ಎಚ್ ಸರ್ವರ್ (ದೂರದಿಂದ ಯಂತ್ರದ ಒಳಬರುವ ದಾರಿ) ಮಾತ್ರ ಆರಿಸಿ. 64 ಬಿಟ್ ಯಂತ್ರವೇ ಆಗಬೇಕು. 'ಸುಡೊ ಆಪ್ಟ್ ಅಪ್‌ಡೇಟ್', ನಂತರ 'ಅಪ್‌ಗ್ರೇಡ್' ಮುಗಿಸಿ ಎಂಜಿನ್‌ಎಕ್ಸ್ (ವೆಬ್ ಸರ್ವರ್), ಸರ್ಟ್‌ಬಾಟ್ (ಪ್ರಮಾಣಪತ್ರ ತರುವ ತಂತ್ರಾಂಶ) ಮತ್ತು ಅದರ ಎಂಜಿನ್‌ಎಕ್ಸ್ ಪ್ಲಗಿನ್, ಯುಎಫ್‌ಡಬ್ಲ್ಯು (ಫೈರ್‌ವಾಲ್), ಎಸ್‌ಕ್ಯೂಲೈಟ್3 ಹಾಕಿಕೊಳ್ಳಿ.

1 ಜಿಬಿ ರ‍್ಯಾಮ್ ಇದ್ದರೆ 2 ಜಿಬಿ ಸ್ವಾಪ್ ಫೈಲು (ರ‍್ಯಾಮ್ ಸಾಲದಾದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಮಾಡಿ. ವಿಡಿಯೊ ಬಂದಾಗ ಅದನ್ನು ಸಂಸ್ಕರಿಸಲು ಗೋಟುಸೋಶಿಯಲ್ ಒಮ್ಮೆಲೇ ಹೆಚ್ಚು ಮೆಮೊರಿ ಕೇಳುತ್ತದೆ. ಸ್ವಾಪ್ ಇಲ್ಲದಿದ್ದರೆ ಕರ್ನೆಲ್ ಅದರ ಕತ್ತು ಹಿಸುಕುತ್ತದೆ. ಲಾಗಿನಲ್ಲಿ 'ಔಟ್ ಆಫ್ ಮೆಮೊರಿ' ಕಂಡರೆ ಕಾರಣ ಇದೇ. ಸ್ವಾಪ್ ಫೈಲಿನ ಅನುಮತಿ 600 ಇರಲಿ, ಎಫ್‌ಎಸ್‌ಟ್ಯಾಬ್‌ನಲ್ಲಿ ಸೇರಿಸದಿದ್ದರೆ ಯಂತ್ರ ಮರುಶುರುವಾದಾಗ ಸ್ವಾಪ್ ಇರುವುದಿಲ್ಲ.

ಫೈರ್‌ವಾಲ್‌ನಲ್ಲಿ 22, 80, 443 ಪೋರ್ಟ್ ತೆರೆಯಿರಿ. ಮೊದಲು 22ಕ್ಕೆ ಅನುಮತಿ ಕೊಟ್ಟು ಆಮೇಲೆ 'ಯುಎಫ್‌ಡಬ್ಲ್ಯು ಎನೇಬಲ್' ಹೊಡೆಯಿರಿ. ಉಲ್ಟಾ ಮಾಡಿದರೆ ಮನೆಯೊಳಗೆ ಕೀಲಿ ಬಿಟ್ಟು ಬಾಗಿಲು ಎಳೆದುಕೊಂಡಂತಾಗುತ್ತದೆ. ಎಸ್‌ಎಸ್‌ಎಚ್ ಕೀಲಿ ಹಾಕಿ, ಹೊಸ ಕಿಟಕಿಯಲ್ಲಿ ಒಳಬಂದು ಖಾತ್ರಿ ಮಾಡಿಕೊಂಡ ಮೇಲೆ ಪಾಸ್‌ವರ್ಡ್ ಪ್ರವೇಶ ಮುಚ್ಚಿ.

ಡೊಮೇನಿನ ಡಿಎನ್‌ಎಸ್‌ನಲ್ಲಿ 'ಎ' ದಾಖಲೆ ನಿಮ್ಮ ಐಪಿಗೆ ತೋರಿಸಲಿ. ಐಪಿವಿ6 ಸರಿಯಾಗಿ ಓಡುತ್ತಿದ್ದರೆ ಮಾತ್ರ 'ಎಎಎಎ' ದಾಖಲೆ ಹಾಕಿ. ತಪ್ಪು 'ಎಎಎಎ' ಇದ್ದರೆ ಕೆಲವರಿಗೆ ತಾಣ ತೆರೆಯುತ್ತದೆ, ಕೆಲವರಿಗೆ ಇಲ್ಲ. ಇದನ್ನು ಹುಡುಕುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ.

ಗೋಟುಸೋಶಿಯಲ್ ಇಳಿಸಿ ಕೂರಿಸುವುದು

ಅಧಿಕೃತ ಬಿಡುಗಡೆಗಳು ಈಗ ಕೋಡ್‌ಬರ್ಗ್‌ನಲ್ಲಿವೆ. 'ಯುನೇಮ್ ಅಡ್ಡಗೆರೆ ಎಂ' ಹೊಡೆದಾಗ ಎಕ್ಸ್86-64 ಎಂದು ಬಂದರೆ ಎಎಂಡಿ64 ಕಟ್ಟು (ಸಂಕುಚಿತ ಫೈಲು), ಎಆರ್ಚ್64 ಎಂದು ಬಂದರೆ ಆರ್ಮ್64 ಕಟ್ಟು ಇಳಿಸಿ. ಇಳಿಸಿದ್ದು ಕೆಟ್ಟಿಲ್ಲವೆಂದು ಖಾತ್ರಿಯಾಗಲು ಶಾ256 ಮೊತ್ತ ತಾಳೆ ನೋಡಿ.

'ಗೋಟುಸೋಶಿಯಲ್' ಎಂಬ ಹೆಸರಿನ ಸಿಸ್ಟಮ್ ಬಳಕೆದಾರನನ್ನು ಮಾಡಿ. ರೂಟ್ ಅಡಿಯಲ್ಲಿ ಅದೇ ಹೆಸರಿನ ಕೋಶ ತೆರೆದು, ಕಟ್ಟನ್ನು ಅಲ್ಲಿ ಬಿಚ್ಚಿ, ಒಳಗೆ 'ಸ್ಟೋರೇಜ್' ಕೋಶ ಮಾಡಿ. 'ಎಕ್ಸಾಂಪಲ್' ಕೋಶದಲ್ಲಿರುವ 'ಕಾನ್ಫಿಗ್ ಡಾಟ್ ಯಾಮಲ್' ಅನ್ನು ಮೇಲಕ್ಕೆ ನಕಲಿಸಿ. ಕಡೆಗೆ ಇಡೀ ಕೋಶವನ್ನು 'ಚೌನ್ ಅಡ್ಡಗೆರೆ ದೊಡ್ಡ ಆರ್' ಬಳಸಿ ಆ ಬಳಕೆದಾರನ ಹೆಸರಿಗೆ ಮಾಡಿ. 'ಪರ್ಮಿಷನ್ ಡಿನೈಡ್' ಬಂದಾಗಲೆಲ್ಲ ಮೊದಲು ನೋಡಬೇಕಾದ್ದು ಈ ಒಡೆತನ.

ಕಾನ್ಫಿಗ್ ಫೈಲು ಉದ್ದವಿದೆ, ಮುಟ್ಟಬೇಕಾದ್ದು ಕೆಲವೇ ಸಾಲು. 'ಹೋಸ್ಟ್'ನಲ್ಲಿ ಬರೀ ಹೆಸರು ಬರೆಯಿರಿ, ಮುಂದೆ ಎಚ್‌ಟಿಟಿಪಿಎಸ್ ಬೇಡ. ಇನ್ನೊಮ್ಮೆ ಓದಿ, ಜೊತೆಗಿರುವವರಿಂದಲೂ ಓದಿಸಿ, ಒಂದಕ್ಷರ ತಪ್ಪಿದರೂ ಅದೇ ಕಾಯಂ. 'ಪ್ರೊಟೊಕಾಲ್' ಎಚ್‌ಟಿಟಿಪಿಎಸ್ ಇರಲಿ. 'ಬೈಂಡ್-ಅಡ್ರೆಸ್' 127.0.0.1, 'ಪೋರ್ಟ್' 8080. 'ಡಿಬಿ-ಟೈಪ್' ಮೊದಲಿಗೆ ಪೋಸ್ಟ್‌ಗ್ರೆಸ್ ಇರುತ್ತದೆ, ಎಸ್‌ಕ್ಯೂಲೈಟ್ ಮಾಡಿ. 'ಡಿಬಿ-ಅಡ್ರೆಸ್'ಗೆ ಫೈಲಿನ ಪೂರ್ತಿ ದಾರಿ ಕೊಡಿ. ಬರೀ ಹೆಸರು ಕೊಟ್ಟರೆ, ಬೇರೆ ಕೋಶದಲ್ಲಿ ನಿಂತು ಆಜ್ಞೆ ಹೊಡೆದಾಗ ಅಲ್ಲೊಂದು ಹೊಸ ಖಾಲಿ ಡೇಟಾಬೇಸ್ ಹುಟ್ಟಿಕೊಂಡು 'ಖಾತೆಗಳೆಲ್ಲ ಮಾಯ' ಎಂದು ಗಾಬರಿಯಾಗುತ್ತದೆ. 'ಲೆಟ್ಸ್‌ಎನ್‌ಕ್ರಿಪ್ಟ್-ಎನೇಬಲ್ಡ್' ಫಾಲ್ಸ್ ಇರಲಿ, ಆ ಕೆಲಸ ಎಂಜಿನ್‌ಎಕ್ಸ್ ನೋಡಿಕೊಳ್ಳುತ್ತದೆ.

'ಮೀಡಿಯಾ-ರಿಮೋಟ್-ಕ್ಯಾಶ್-ಡೇಸ್' ಮಾಮೂಲಿ 7. 25 ಜಿಬಿ ಡಿಸ್ಕಿಗೆ 2 ಅಥವಾ 3 ಸಾಕು. ಹೊರಗಿನವರ ಚಿತ್ರಗಳ ನಕಲನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬ ಲೆಕ್ಕ ಅದು. ತೆಗೆದುಹಾಕಿದರೂ ಯಾರಾದರೂ ಕೇಳಿದಾಗ ಮತ್ತೆ ತರಿಸಿಕೊಳ್ಳುತ್ತದೆ. 'ಇನ್‌ಸ್ಟನ್ಸ್-ಲ್ಯಾಂಗ್ವೇಜಸ್'ನಲ್ಲಿ ಕನ್ನಡದ ಸಂಕೇತ 'ಕೆಎನ್' ಹಾಕಿ, ಬೆಳಗಾವಿಯ ಬಳಗವಾದರೆ ಮರಾಠಿಯ 'ಎಂಆರ್' ಸಹ. ಯಾಮಲ್‌ನಲ್ಲಿ ಟ್ಯಾಬ್ ಕೀಲಿ ಒತ್ತುವಂತಿಲ್ಲ, ಸ್ಪೇಸ್ ಮಾತ್ರ. ಸರ್ವರ್ ಏಳದೆ ಯಾಮಲ್ ದೋಷ ತೋರಿಸಿದರೆ ಅಲ್ಲೊಂದು ಟ್ಯಾಬ್ ಅಡಗಿ ಕೂತಿರುತ್ತದೆ.

'ಎಕ್ಸಾಂಪಲ್' ಕೋಶದಲ್ಲೇ ಸಿಸ್ಟಮ್‌ಡಿ ಸೇವೆಯ ಫೈಲೂ ಇದೆ. ಅದನ್ನು ಸಿಸ್ಟಮ್‌ಡಿ ಕೋಶಕ್ಕೆ ನಕಲಿಸಿ, 'ಡೀಮನ್-ರಿಲೋಡ್' ಮಾಡಿ, 'ಎನೇಬಲ್' ಜೊತೆಗೆ 'ನೌ' ಕೊಟ್ಟು ಎಬ್ಬಿಸಿ. 'ಜರ್ನಲ್‌ಸಿಟಿಎಲ್'ನಲ್ಲಿ ಲಾಗು ನೋಡುತ್ತಿರಿ. ಮೊದಲ ಬಾರಿ ಡೇಟಾಬೇಸ್ ಕಟ್ಟಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಎಂಜಿನ್‌ಎಕ್ಸ್, ಪ್ರಮಾಣಪತ್ರ

ಎಂಜಿನ್‌ಎಕ್ಸ್ ಕೆಲಸ ಬಾಗಿಲು ಕಾಯುವುದು: 443ರಲ್ಲಿ ಬಂದದ್ದನ್ನು 127.0.0.1ರ 8080ಕ್ಕೆ ದಾಟಿಸಬೇಕು. ಮೂರು ಸಂಗತಿ ತಪ್ಪದಿರಲಿ. 'ಹೋಸ್ಟ್', 'ಎಕ್ಸ್-ಫಾರ್ವರ್ಡೆಡ್-ಫಾರ್', 'ಎಕ್ಸ್-ಫಾರ್ವರ್ಡೆಡ್-ಪ್ರೊಟೊ' ಶಿರೋಲೇಖಗಳನ್ನು (ಹೆಡರ್) ಮುಂದಕ್ಕೆ ಕಳಿಸಬೇಕು. ವೆಬ್‌ಸಾಕೆಟ್‌ಗಾಗಿ 'ಅಪ್‌ಗ್ರೇಡ್' ಮತ್ತು 'ಕನೆಕ್ಷನ್' ಸಾಲುಗಳು ಬೇಕು, ಇಲ್ಲದಿದ್ದರೆ ಆ್ಯಪಿನಲ್ಲಿ ಹೊಸ ಬರಹ ತಾನಾಗಿ ಮೂಡುವುದಿಲ್ಲ. 'ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್' 40 ಎಂಬಿ ಮಾಡಬೇಕು. ಅದರ ಮಾಮೂಲಿ ಮಿತಿ 1 ಎಂಬಿ. ಬನಶಂಕರಿ ಜಾತ್ರೆಯ ಫೋಟೊ ಏರಿಸಲು ಹೋದವರಿಗೆ 413 ದೋಷ ಬಂದರೆ ಈ ಸಾಲು ಬಿಟ್ಟುಹೋಗಿದೆ ಎಂದರ್ಥ. 502 ಬಂದರೆ ಹಿಂದಿನ ಗೋಟುಸೋಶಿಯಲ್ ಮಲಗಿದೆ.

ಸರ್ಟ್‌ಬಾಟ್‌ನಿಂದ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ತೆಗೆದುಕೊಳ್ಳಿ. ಮೊದಲು 'ಡ್ರೈ-ರನ್' (ಬರೀ ತಾಲೀಮು) ಮಾಡಿ ನೋಡುವುದು ಒಳ್ಳೆಯದು. ತಾಸಿಗೆ ಐದು ಸಲ ಪರೀಕ್ಷೆ ವಿಫಲವಾದರೆ ಅವರು ಬಾಗಿಲು ಹಾಕಿಕೊಳ್ಳುತ್ತಾರೆ, ಕಾಯದೆ ಗತಿಯಿಲ್ಲ. ನವೀಕರಣ ತಾನೇ ಆಗುತ್ತದೆ, ಆದರೆ 80ರ ಪೋರ್ಟ್ ಮುಚ್ಚಬೇಡಿ.

ಕಾಲೇಜು ಹಾಸ್ಟೆಲಿನ ಒಂದೇ ವೈಫೈಯಿಂದ ಹತ್ತಾರು ಹುಡುಗರು ಬಂದರೆ ಸರ್ವರಿಗೆ ಎಲ್ಲರೂ ಒಬ್ಬನೇ ಎಂದು ಕಾಣುತ್ತದೆ. ಐದು ನಿಮಿಷಕ್ಕೆ 300 ಕೋರಿಕೆ ಎಂಬ ಮಿತಿ ದಾಟಿ 429 ದೋಷ ಬರುತ್ತದೆ. ಆ ಐಪಿಯನ್ನು ಮಿತಿಯ ವಿನಾಯಿತಿ ಪಟ್ಟಿಗೆ ಸೇರಿಸಿ. ಎಲ್ಲ ಕಡೆಯವರಿಗೂ 429 ಬರುತ್ತಿದ್ದರೆ ದೋಷ ಕಾನ್ಫಿಗ್ ಫೈಲಿನ 'ಟ್ರಸ್ಟೆಡ್-ಪ್ರಾಕ್ಸೀಸ್' ಸಾಲಿನಲ್ಲೋ ಎಂಜಿನ್‌ಎಕ್ಸ್ ಶಿರೋಲೇಖದಲ್ಲೋ ಇದೆ.

ಖಾತೆ ತೆರೆದು ಪರೀಕ್ಷಿಸುವುದು

ಮೊದಲ ಖಾತೆಯನ್ನು ಟರ್ಮಿನಲ್‌ನಿಂದಲೇ ತೆರೆಯಬೇಕು. ಗೋಟುಸೋಶಿಯಲ್ ಬಳಕೆದಾರನಾಗಿ, ಕಾನ್ಫಿಗ್ ಫೈಲಿನ ದಾರಿ ಕೊಟ್ಟು, 'ಅಡ್ಮಿನ್ ಅಕೌಂಟ್ ಕ್ರಿಯೇಟ್' ಎಂದು ಹೆಸರು, ಮೇಲ್, ಪಾಸ್‌ವರ್ಡ್ ಕೊಡಿ. ಮುಂದೆ 'ಅಡ್ಮಿನ್ ಅಕೌಂಟ್ ಪ್ರಮೋಟ್' ಮಾಡಿ ಸೇವೆಯನ್ನು ಒಮ್ಮೆ ಮರುಶುರು ಮಾಡಿ. ಮರುಶುರು ಮರೆತರೆ ಸೆಟ್ಟಿಂಗ್ಸ್ ಪುಟದಲ್ಲಿ ಆಡಳಿತದ ಭಾಗ ಕಾಣುವುದಿಲ್ಲ. ನಲವತ್ತು ಮಂದಿಯ ಖಾತೆಗಳನ್ನೂ ಹೀಗೇ ತೆರೆದುಕೊಡಬಹುದು. ಜನರೇ ಅರ್ಜಿ ಹಾಕಲಿ ಎಂದರೆ ನೋಂದಣಿ ತೆರೆಯಿರಿ, ಪ್ರತಿ ಅರ್ಜಿಗೂ ಆಡಳಿತದವರ ಒಪ್ಪಿಗೆ ಬೇಕು. ಅದಕ್ಕೆ ಮೇಲ್ ಕಳಿಸುವ ವ್ಯವಸ್ಥೆಯೂ ಬೇಕು. ಹೆಚ್ಚಿನ ವಿಪಿಎಸ್‌ಗಳಲ್ಲಿ 25ರ ಪೋರ್ಟ್ ಮುಚ್ಚಿರುತ್ತದೆ, ಯಾವುದಾದರೂ ಮೇಲ್ ಸೇವೆಯ 587 ಬಳಸಿ.

ಪರೀಕ್ಷೆ ಮೊಬೈಲ್ ಡೇಟಾದಲ್ಲಿ ಮಾಡಿ. ಮನೆಯ ವೈಫೈಯಲ್ಲೇ ಇದ್ದು ಮನೆಯ ಸರ್ವರಿನ ಡೊಮೇನ್ ತೆರೆದರೆ ಅನೇಕ ರೌಟರುಗಳು ಒಳಗಿನಿಂದ ಹೊರಹೋಗಿ ಮತ್ತೆ ಒಳಬರಲು ಬಿಡುವುದಿಲ್ಲ. ಸರ್ವರ್ ಸರಿಯಿದ್ದರೂ ಕೆಟ್ಟಂತೆ ತೋರುತ್ತದೆ. ಬೇರೊಂದು ಮಾಸ್ಟಡಾನ್ ಖಾತೆಯಿಂದ ನಿಮ್ಮ ಪೂರ್ತಿ ವಿಳಾಸ ಹುಡುಕಿ, ಹಿಂಬಾಲಿಸಿ, ನಂತರ ಒಂದು ಸಾಲು ಬರೆಯಿರಿ. ಅದು ಆ ಕಡೆ ಕಂಡರೆ ಅರ್ಧ ಗೆದ್ದಂತೆ, ಅಲ್ಲಿನ ಉತ್ತರ ಈ ಕಡೆ ಬಂದರೆ ಪೂರ್ತಿ. ಹಿಂಬಾಲಿಸುವ ಮೊದಲು ಬರೆದ ಬರಹಗಳು ಆ ಕಡೆ ಕಾಣದಿರುವುದು ದೋಷವಲ್ಲ. ಹೊಸ ಸರ್ವರಿನ ಗೋಡೆ ಬಿಕೋ ಎನ್ನುವುದೂ ಹಾಗೇ. ಯಾರಾದರೂ ಯಾರನ್ನಾದರೂ ಹಿಂಬಾಲಿಸಿದ ಮೇಲಷ್ಟೇ ಬರಹ ಬರತೊಡಗುತ್ತದೆ.

ಬ್ಯಾಕಪ್

ಪ್ರತಿ ಖಾತೆಗೂ ಒಂದು ಗುಪ್ತ ಕೀಲಿ ಇರುತ್ತದೆ, ಅದು ಇರುವುದು ಡೇಟಾಬೇಸ್‌ನೊಳಗೆ. ಡೇಟಾಬೇಸ್ ಹೋಗಿ, ಅದೇ ಹೆಸರಿನಲ್ಲಿ ಹೊಸ ಖಾತೆ ತೆರೆದರೆ ಹೊಸ ಕೀಲಿ ಹುಟ್ಟುತ್ತದೆ. ಹೊರಗಿನ ಸರ್ವರುಗಳ ಬಳಿ ಹಳೆಯ ಕೀಲಿಯ ಗುರುತಿರುವುದರಿಂದ ಯಾರೋ ಸೋಗು ಹಾಕಿದ್ದಾರೆಂದು ನಿಮ್ಮ ಸಹಿಯನ್ನು ತಳ್ಳಿಹಾಕಬಹುದು. ಹಿಂಬಾಲಕರೂ ಹೋದರು, ಹೆಸರೂ ಕೆಟ್ಟಿತು.

ಓಡುತ್ತಿರುವಾಗ ಡೇಟಾಬೇಸ್ ಫೈಲನ್ನು 'ಸಿಪಿ' ಆಜ್ಞೆಯಿಂದ ನಕಲಿಸಿದರೆ ಬ್ಯಾಕಪ್ ಆದಂತಲ್ಲ. ತೀರ ಹೊಸ ಬರಹಗಳು ಪಕ್ಕದ 'ವಾಲ್' ಫೈಲಿನಲ್ಲಿರುತ್ತವೆ, ಅದಿಲ್ಲದ ನಕಲು ಅರೆಬರೆ. ಸರಳ ದಾರಿ: ನಸುಕಿನ 3 ಗಂಟೆಗೆ ಸೇವೆ ನಿಲ್ಲಿಸಿ, ನಕಲಿಸಿ, ಮತ್ತೆ ಶುರು ಮಾಡುವ ಟೈಮರ್. ನಿಲ್ಲಿಸಲು ಮನಸ್ಸಿಲ್ಲದಿದ್ದರೆ ಎಸ್‌ಕ್ಯೂಲೈಟ್3ರ 'ವ್ಯಾಕ್ಯೂಮ್ ಇನ್‌ಟು' ಬಳಸಿ. ಡೇಟಾಬೇಸ್, ಕಾನ್ಫಿಗ್ ಫೈಲು, ನಿಮ್ಮವರು ಏರಿಸಿದ ಚಿತ್ರಗಳು ಇಷ್ಟು ಸಾಕು. 'ಅಡ್ಮಿನ್ ಮೀಡಿಯಾ ಲಿಸ್ಟ್-ಅಟ್ಯಾಚ್‌ಮೆಂಟ್ಸ್' ಆಜ್ಞೆಗೆ 'ಲೋಕಲ್-ಓನ್ಲಿ' ಸೇರಿಸಿದರೆ ನಿಮ್ಮವರ ಚಿತ್ರಗಳ ಪಟ್ಟಿ ಸಿಗುತ್ತದೆ. ಇವೆಲ್ಲವನ್ನೂ ಆರ್‌ಸಿಂಕ್ ಮೂಲಕ ಮನೆಯ ಲ್ಯಾಪ್‌ಟಾಪಿಗೆ ಎಳೆದುಕೊಳ್ಳಿ. ಮೂರು ತಿಂಗಳಿಗೊಮ್ಮೆ ನಕಲನ್ನು ಎಸ್‌ಕ್ಯೂಲೈಟ್3ರಲ್ಲಿ ತೆರೆದು ಖಾತೆಗಳು ಇವೆಯೇ ಎಂದು ಎಣಿಸಿ. ತೆರೆದು ನೋಡದ ಬ್ಯಾಕಪ್ ಮೇಲೆ ಭರವಸೆ ಇಡಬೇಡಿ.

ಹೊಸ ಆವೃತ್ತಿ ಬಂದಾಗಲೂ ಇದೇ ಕ್ರಮ: ಬಿಡುಗಡೆ ಟಿಪ್ಪಣಿ ಓದಿ, ನಿಲ್ಲಿಸಿ, ಬ್ಯಾಕಪ್ ತೆಗೆದು, ಹೊಸ ಫೈಲನ್ನೂ 'ವೆಬ್' ಕೋಶವನ್ನೂ ಎರಡನ್ನೂ ಬದಲಿಸಿ ಎಬ್ಬಿಸಿ. 'ವೆಬ್' ಕೋಶ ಮರೆತರೆ ಪುಟಗಳು ಚಿಂದಿಯಾಗಿ ಕಾಣುತ್ತವೆ. ಡೇಟಾಬೇಸ್ ಬದಲಾವಣೆ ಚಿಕ್ಕ ಯಂತ್ರದಲ್ಲಿ ತಾಸುಗಟ್ಟಲೆ ನಡೆದೀತು. ಲಾಗು ಸುಮ್ಮನಿದೆ ಎಂದು ನಡುವೆ ನಿಲ್ಲಿಸಬೇಡಿ, ಕರೆಂಟ್ ಹೋಗುವ ಹೊತ್ತಿನಲ್ಲಿ ಈ ಕೆಲಸಕ್ಕೆ ಕೂರಬೇಡಿ.

ಜಗಳ, ಕಾನೂನು

ಬೆಳಗಾವಿಯ ಗೋಡೆಯ ಮೇಲೆ ನವೆಂಬರ್ 1ರ ಆಸುಪಾಸಿನಲ್ಲಿ ಗಡಿ, ಭಾಷೆಯ ವಾದ ಏಳದೆ ಇರುವುದಿಲ್ಲ. ನಿಯಮಗಳನ್ನು ಜಗಳಕ್ಕೆ ಮೊದಲೇ ಬರೆದಿಡಿ: ವಾದ ಇರಲಿ, ಬೈಗುಳ, ಬೆದರಿಕೆ, ಇನ್ನೊಬ್ಬರ ಫೋನ್ ನಂಬರು ಹಾಕುವುದು ಬೇಡ. ಕನ್ನಡ ಮರಾಠಿ ಎರಡೂ ಬಲ್ಲ ಒಬ್ಬರಾದರೂ ಆಡಳಿತದಲ್ಲಿರಲಿ. ಬರಹದ ಧಾಟಿ ತಿಳಿಯದೆ ತೆಗೆದುಹಾಕಿದರೆ ಅದೇ ಹೊಸ ಜಗಳ. ಹೊರಗಿನ ಕೊಳಕು ಸರ್ವರುಗಳನ್ನು ಆಡಳಿತ ಪುಟದಲ್ಲಿ ಡೊಮೇನ್ ಸಮೇತ ತಡೆಯಬಹುದು.

ಬೇರೆಯವರ ಬರಹ ಇಟ್ಟುಕೊಳ್ಳುವ ಸರ್ವರಿಗೆ 2021ರ ಮಾಹಿತಿ ತಂತ್ರಜ್ಞಾನ ಮಧ್ಯವರ್ತಿ ನಿಯಮಗಳು ಅನ್ವಯಿಸುತ್ತವೆ. ಬಳಕೆಯ ನಿಯಮ, ಖಾಸಗಿತನದ ನೀತಿ, ದೂರು ಅಧಿಕಾರಿಯ ಹೆಸರು ಮತ್ತು ಸಂಪರ್ಕ ತಾಣದಲ್ಲಿ ಕಾಣಬೇಕು. ದೂರು ಬಂದದ್ದಕ್ಕೆ 24 ತಾಸಿನೊಳಗೆ ಸ್ವೀಕೃತಿ ಕೊಡಬೇಕು. ಇತ್ಯರ್ಥದ ಗಡುವುಗಳು ತಿದ್ದುಪಡಿಯಾಗುತ್ತ ಬಂದಿವೆ, ಜಾರಿಯಲ್ಲಿರುವ ಪಠ್ಯವನ್ನೇ ಓದಿಕೊಳ್ಳಿ. 2022ರ ಏಪ್ರಿಲ್‌ನ ಸರ್ಟ್-ಇನ್ (ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನ ಲಾಗುಗಳನ್ನು 180 ದಿನ ಇಡಬೇಕೆನ್ನುತ್ತದೆ. ಜರ್ನಲ್ ಅಷ್ಟು ದಿನ ಉಳಿಯುವಂತೆ ಡಿಸ್ಕಿನಲ್ಲಿ ಜಾಗ ಲೆಕ್ಕಹಾಕಿ.

ಕೀಲಿ ಇಬ್ಬರ ಬಳಿಯಾದರೂ ಇರಲಿ. ಡೊಮೇನ್ ಖಾತೆ, ವಿಪಿಎಸ್ ಖಾತೆ, ಬ್ಯಾಕಪ್ ಪಾಸ್‌ವರ್ಡ್, ಈ ಮೂರನ್ನು ಕಾಗದದಲ್ಲಿ ಬರೆದು ಲಕೋಟೆಗೆ ಹಾಕಿ ಬಳಗದ ಹಿರಿಯರೊಬ್ಬರ ಮನೆಯಲ್ಲಿಡಿ. ಲಕೋಟೆಯ ಮೇಲೆ ಡೊಮೇನ್ ನವೀಕರಣದ ತಾರೀಖು ದಪ್ಪಗೆ ಬರೆದಿರಲಿ.